ತೆರಿಗೆ ಸೊನ್ನೆಯಾದರೂ ರಿಟರ್ನ್ ಏಕೆ? ಆದಾಯ ತೆರಿಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿಯಲ್ಲಿ ‘ಹನ್ನೆರಡು ಲಕ್ಷ’ದ ಸುತ್ತಲೇ ಇವೆ. 2025ರ ಬಜೆಟ್ಟಿನಲ್ಲಿ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂಬ ಘೋಷಣೆ ಬಂದ ಮೇಲೆ, ಹನ್ನೆರಡು ಲಕ್ಷದೊಳಗಿನ ಆದಾಯವಿರುವವರಿಗೂ ಆದಾಯ ತೆರಿಗೆ ಇಲಾಖೆಗೂ ಇನ್ನು ಸಂಬಂಧವೇ ಇಲ್ಲ ಎಂಬ ಭಾವನೆ ಹಲವರಲ್ಲಿ ಬೇರೂರಿದೆ. ಅದು ಸರಿಯಲ್ಲ. ಕೆಳಗಿನ ಉತ್ತರಗಳೆಲ್ಲ 2025–26ನೇ ಹಣಕಾಸು ವರ್ಷದ, ಅಂದರೆ 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ ಅನ್ವಯಿಸುತ್ತವೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದ್ದರೂ ಅದಕ್ಕಿಂತ ಹಿಂದಿನ ಆದಾಯಕ್ಕೆ 1961ರ ಕಾಯ್ದೆಯೇ ಆಧಾರ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 67. ವರ್ಷಕ್ಕೆ ಆರು ಲಕ್ಷ ರೂಪಾಯಿ ಪಿಂಚಣಿ, ಠೇವಣಿಗಳಿಂದ 1,60,000 ರೂಪಾಯಿ ಬಡ್ಡಿ ಬರುತ್ತದೆ. ಹನ್ನೆರಡು ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುತ್ತಾರೆ, ಆದರೂ ಬ್ಯಾಂಕಿನವರು 16,000 ರೂಪಾಯಿ ಹಿಡಿದುಕೊಂಡಿದ್ದಾರೆ. ಇದು ನ್ಯಾಯವೇ? ನಾನು ರಿಟರ್ನ್ ಸಲ್ಲಿಸಬೇಕೇ? — ಹಾವೇರಿ

ಉತ್ತರ: ಬ್ಯಾಂಕಿನದು ತಪ್ಪಲ್ಲ, ನಿಮ್ಮ ಹಣವೂ ಎಲ್ಲಿಗೂ ಹೋಗಿಲ್ಲ. ಹಿರಿಯ ನಾಗರಿಕರ ಠೇವಣಿ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿ ದಾಟಿದರೆ ಶೇ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುವುದು ಬ್ಯಾಂಕಿನ ಕಾನೂನುಬದ್ಧ ಕರ್ತವ್ಯ. ಉಳಿದವರಿಗೆ ಈ ಮಿತಿ 50,000 ರೂಪಾಯಿ. ನಿಮ್ಮ ಒಟ್ಟು ಆದಾಯವೆಷ್ಟು, ಕೊನೆಯಲ್ಲಿ ನಿಮಗೆ ತೆರಿಗೆ ಬರುತ್ತದೆಯೋ ಇಲ್ಲವೋ ಎಂಬುದು ಬ್ಯಾಂಕಿಗೆ ತಾನಾಗಿ ತಿಳಿಯುವುದಿಲ್ಲ. ಅದನ್ನು ತಿಳಿಸುವುದಕ್ಕಾಗಿಯೇ 15ಎಚ್ ನಮೂನೆ ಇತ್ತು. ವರ್ಷದ ಆರಂಭದಲ್ಲೇ ಅದನ್ನು ಭರ್ತಿ ಮಾಡಿ ಕೊಟ್ಟಿದ್ದರೆ ಕಡಿತವೇ ಆಗುತ್ತಿರಲಿಲ್ಲ.

ಈಗ ಲೆಕ್ಕ ನೋಡೋಣ. ಪಿಂಚಣಿಯನ್ನು ಕಾಯ್ದೆ ಸಂಬಳವೆಂದೇ ಪರಿಗಣಿಸುವುದರಿಂದ ಹೊಸ ಪದ್ಧತಿಯಲ್ಲಿ (ಇದರಲ್ಲಿ ದರ ಕಡಿಮೆ, ಆದರೆ ಹಳೆಯ ಪದ್ಧತಿಯ ಬಹುತೇಕ ಕಡಿತಗಳಿಲ್ಲ) 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ರಸೀದಿ ಕೇಳದ ನಿಗದಿತ ಕಡಿತ, ನಿಮಗೂ ಸಿಗುತ್ತದೆ. ಒಟ್ಟು 7,60,000 ರೂಪಾಯಿಯಲ್ಲಿ ಅದನ್ನು ಕಳೆದರೆ ಉಳಿಯುವುದು 6,85,000 ರೂಪಾಯಿ. ಮೊದಲ ನಾಲ್ಕು ಲಕ್ಷಕ್ಕೆ ತೆರಿಗೆ ಇಲ್ಲ, ಮಿಕ್ಕ 2,85,000 ರೂಪಾಯಿಗೆ ಶೇ 5ರಂತೆ 14,250 ರೂಪಾಯಿ ತೆರಿಗೆ ಬರುತ್ತದೆ. ಆದಾಯ ಹನ್ನೆರಡು ಲಕ್ಷ ಮೀರದ ಕಾರಣ 87ಎ ಕಲಮಿನ ರಿಬೇಟ್ (ತೆರಿಗೆ ಮನ್ನಾ) ಆ ತೆರಿಗೆಯನ್ನು ಪೂರ್ತಿಯಾಗಿ ಅಳಿಸಿಹಾಕುತ್ತದೆ. ಹೀಗಾಗಿ ಹಿಡಿದುಕೊಂಡ 16,000 ರೂಪಾಯಿಯೂ ನಿಮಗೆ ಮರಳಬೇಕು. ಆದರೆ ರಿಟರ್ನ್ ಸಲ್ಲಿಸದೆ ಅದು ಮರಳುವುದಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಹನ್ನೆರಡು ಲಕ್ಷ ಎಂಬುದು ರಿಬೇಟಿನ ಗಡಿಯೇ ಹೊರತು ವಿನಾಯಿತಿಯ ಗಡಿಯಲ್ಲ. ವಿನಾಯಿತಿಯ ಮಿತಿ ಹೊಸ ಪದ್ಧತಿಯಲ್ಲಿ ನಾಲ್ಕು ಲಕ್ಷ ಮಾತ್ರ, ಮತ್ತು ಅದಕ್ಕೆ ವಯಸ್ಸಿನ ಭೇದವಿಲ್ಲ. ಆದಾಯ ಆ ಮಿತಿಯನ್ನು ದಾಟಿತೆಂದರೆ, ಕಟ್ಟಬೇಕಾದ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸುವುದು ಕಡ್ಡಾಯ. ನಿಮ್ಮಂಥವರಿಗೆ ರಿಟರ್ನಿನ ಐಟಿಆರ್–1 ನಮೂನೆ ಸಾಕು, ಜುಲೈ 31 ಕೊನೆಯ ದಿನ. ತಡವಾದರೆ ಐದು ಲಕ್ಷ ಮೀರಿದ ಆದಾಯವಿರುವವರು 5,000 ರೂಪಾಯಿ, ಅದಕ್ಕಿಂತ ಕಡಿಮೆ ಇರುವವರು 1,000 ರೂಪಾಯಿ ಶುಲ್ಕ ತೆರಬೇಕಾಗುತ್ತದೆ. 75 ವರ್ಷ ತುಂಬಿದವರಿಗೆ ಒಂದು ರಿಯಾಯಿತಿ ಇದೆ. ಪಿಂಚಣಿ ಮತ್ತು ಬಡ್ಡಿ ಬಿಟ್ಟು ಬೇರೆ ಆದಾಯವಿಲ್ಲದೆ, ಆ ಬಡ್ಡಿಯೂ ಪಿಂಚಣಿ ಬರುವ ಬ್ಯಾಂಕಿನಿಂದಲೇ ಬರುತ್ತಿದ್ದು, 12ಬಿಬಿಎ ನಮೂನೆಯಲ್ಲಿ ಘೋಷಣೆ ಕೊಟ್ಟಿದ್ದರೆ ಅವರ ತೆರಿಗೆಯ ಲೆಕ್ಕವನ್ನು ಬ್ಯಾಂಕೇ ಮುಗಿಸುತ್ತದೆ, ಅವರು ರಿಟರ್ನ್ ಸಲ್ಲಿಸಬೇಕಿಲ್ಲ.

ಪ್ರಶ್ನೆ: ಖಾಸಗಿ ಕಂಪನಿಯಲ್ಲಿ ಕೆಲಸ, ವಾರ್ಷಿಕ ಸಂಬಳ 15 ಲಕ್ಷ. ಮೂಲ ವೇತನ 6 ಲಕ್ಷ, ಮನೆ ಬಾಡಿಗೆ ಭತ್ಯೆ 2.4 ಲಕ್ಷ. ಭವಿಷ್ಯ ನಿಧಿ, ವಿಮೆ ಎಲ್ಲ ಸೇರಿ 80ಸಿ ಕಲಮಿನ ಉಳಿತಾಯ ಕಡಿತದ ಅಡಿ ಒಂದೂವರೆ ಲಕ್ಷ ತುಂಬುತ್ತದೆ. ತಂದೆಯವರ ಮನೆಯಲ್ಲೇ ಇದ್ದು ಅವರಿಗೆ ತಿಂಗಳಿಗೆ 20,000 ರೂಪಾಯಿ ಬಾಡಿಗೆ ಕೊಟ್ಟಂತೆ ತೋರಿಸಿದರೆ ಹಳೆಯ ಪದ್ಧತಿಯೇ ಲಾಭ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜವೇ? — ಬೆಂಗಳೂರು

ಉತ್ತರ: ‘ಕೊಟ್ಟಂತೆ ತೋರಿಸಿದರೆ’ ಎಂಬ ನಿಮ್ಮ ಮಾತೇ ಮೊದಲ ತೊಡಕು. ತಂದೆಗೆ ಬಾಡಿಗೆ ಕೊಡುವುದನ್ನು ಕಾಯ್ದೆ ತಡೆಯುವುದಿಲ್ಲ. ಆದರೆ ಮನೆ ಅವರ ಹೆಸರಿನಲ್ಲಿರಬೇಕು, ಹಣ ತಿಂಗಳು ತಿಂಗಳು ನಿಮ್ಮ ಖಾತೆಯಿಂದ ಅವರ ಖಾತೆಗೆ ನಿಜವಾಗಿಯೂ ಹೋಗಿರಬೇಕು, ಕರಾರುಪತ್ರವಿದ್ದರೆ ಒಳ್ಳೆಯದು. ವರ್ಷದ ಬಾಡಿಗೆ ಒಂದು ಲಕ್ಷ ದಾಟುವುದರಿಂದ ಅವರ ಪ್ಯಾನ್ ಸಂಖ್ಯೆಯನ್ನು ಕಂಪನಿಗೆ ಕೊಡಬೇಕು, ಅವರು ಆ 2,40,000 ರೂಪಾಯಿಯನ್ನು ತಮ್ಮ ಆದಾಯದಲ್ಲಿ ತೋರಿಸಬೇಕು. ಅದರಲ್ಲಿ ಶೇ 30ರಷ್ಟು ಅವರಿಗೆ ಕಡಿತ ಸಿಗುತ್ತದೆ. ಮಾರ್ಚ್ ತಿಂಗಳಲ್ಲಿ ಒಟ್ಟಿಗೆ ಬರೆದ ಹನ್ನೆರಡು ರಸೀದಿಗಳು ಈಗ ನಡೆಯುವುದಿಲ್ಲ. ನಿಮ್ಮ ಪ್ಯಾನ್, ಅವರ ಪ್ಯಾನ್ ಎರಡೂ ಇಲಾಖೆಯ ಗಣಕದಲ್ಲೇ ಇರುತ್ತವೆ.

ಇದೆಲ್ಲವೂ ಸರಿಯಾಗಿದೆ ಎಂದೇ ಇಟ್ಟುಕೊಂಡು ಲೆಕ್ಕ ಹಾಕಿದರೂ ನಿಮ್ಮ ಸಹೋದ್ಯೋಗಿಗಳ ಮಾತು ನಿಲ್ಲುವುದಿಲ್ಲ. ಬಾಡಿಗೆ ಭತ್ಯೆಯ ವಿನಾಯಿತಿ ಮೂರು ಮೊತ್ತಗಳಲ್ಲಿ ಅತಿ ಕಡಿಮೆಯದು: ಪಡೆದ ಭತ್ಯೆ 2.4 ಲಕ್ಷ, ಕೊಟ್ಟ ಬಾಡಿಗೆಯಲ್ಲಿ ಮೂಲ ವೇತನದ ಶೇ 10 ಕಳೆದರೆ 1.8 ಲಕ್ಷ, ಮೂಲ ವೇತನದ ಶೇ 40, ಅಂದರೆ 2.4 ಲಕ್ಷ. (ಬೆಂಗಳೂರು ಎಷ್ಟೇ ಬೆಳೆದಿದ್ದರೂ ಈ ವರ್ಷದ ಲೆಕ್ಕಕ್ಕೆ ಶೇ 50ರ ಸೌಲಭ್ಯವಿರುವುದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ನಗರಗಳಿಗೆ ಮಾತ್ರ.) ಹಾಗಾಗಿ ಸಿಗುವುದು 1.8 ಲಕ್ಷ. ಇದಕ್ಕೆ 80ಸಿಯ 1.5 ಲಕ್ಷ, ಆರೋಗ್ಯ ವಿಮೆ ಇದೆಯೆಂದುಕೊಂಡರೆ ಅದರ 25,000 ಮತ್ತು ಹಳೆಯ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಸೇರಿಸಿದರೆ ಒಟ್ಟು ಕಡಿತ 4.05 ಲಕ್ಷ. ಉಳಿದ 10.95 ಲಕ್ಷಕ್ಕೆ ಶೇ 4ರ ಸೆಸ್ (ತೆರಿಗೆಯ ಮೇಲಿನ ಹೆಚ್ಚುವರಿ ಕರ) ಸೇರಿ 1,46,640 ರೂಪಾಯಿ ತೆರಿಗೆ. ಹೊಸ ಪದ್ಧತಿಯಲ್ಲಿ ಯಾವ ರಸೀದಿಯೂ ಇಲ್ಲದೆ 75,000 ಕಳೆದು ಉಳಿಯುವ 14.25 ಲಕ್ಷಕ್ಕೆ ಬರುವುದು 97,500 ರೂಪಾಯಿ.

ನಿಮ್ಮ ಸಂಬಳಕ್ಕೆ ಎರಡೂ ಪದ್ಧತಿ ಸರಿಸಮವಾಗಬೇಕಾದರೆ ಹಳೆಯದರಲ್ಲಿ ಒಟ್ಟು ಕಡಿತ ಸುಮಾರು 5.94 ಲಕ್ಷವಾಗಬೇಕು. ಗೃಹಸಾಲದ ಎರಡು ಲಕ್ಷ ಬಡ್ಡಿಯೂ ದೊಡ್ಡ ಮೊತ್ತದ ಬಾಡಿಗೆ ಭತ್ಯೆಯೂ ಒಟ್ಟಿಗೆ ಇರುವವರನ್ನು ಬಿಟ್ಟರೆ ಈ ಮೊತ್ತ ಮುಟ್ಟುವವರು ವಿರಳ. ತೆರಿಗೆ ಉಳಿಸಲೆಂದೇ ಬೇಡದ ವಿಮಾ ಪಾಲಿಸಿ ಕೊಳ್ಳುವ ಹಳೆಯ ರೂಢಿಗೆ ಈಗ ಅರ್ಥವಿಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಇನ್ನೂ ಉಳಿಸಬೇಕೆಂದಿದ್ದರೆ, ಮುಂದಿನ ದಿನಗಳಿಗಾದರೂ ನಿಮ್ಮ ಪರವಾಗಿ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ (ಎನ್‌ಪಿಎಸ್) ವಂತಿಗೆ ಕಟ್ಟುವಂತೆ ಕಂಪನಿಯನ್ನು ಕೇಳಿಕೊಳ್ಳಿ. ಮೂಲ ವೇತನದ ಶೇ 14ರವರೆಗೆ ಮಾಲೀಕರು ಕಟ್ಟುವ ವಂತಿಗೆಗೆ ಹೊಸ ಪದ್ಧತಿಯಲ್ಲೂ ಕಡಿತವಿದೆ.

ವ್ಯಾಪಾರ ಅಥವಾ ವೃತ್ತಿಯ ಆದಾಯವಿಲ್ಲದ ಸಂಬಳದಾರರು ಪ್ರತಿ ವರ್ಷ ರಿಟರ್ನ್ ಸಲ್ಲಿಸುವಾಗ ಪದ್ಧತಿ ಬದಲಿಸಬಹುದು. ಆದರೆ ಹಳೆಯದು ಬೇಕೆಂದಾದರೆ ಗಡುವಿನೊಳಗೇ ಸಲ್ಲಿಸಬೇಕು. ತಡವಾದ ರಿಟರ್ನಿನಲ್ಲಿ ಆ ಆಯ್ಕೆ ಇರುವುದಿಲ್ಲ.

ಪ್ರಶ್ನೆ: ನನ್ನ ವ್ಯಾಪಾರದ ಉಳಿತಾಯದಿಂದ ಹತ್ತು ಲಕ್ಷ ರೂಪಾಯಿಯನ್ನು ಗೃಹಿಣಿಯಾದ ಪತ್ನಿಯ ಹೆಸರಿನಲ್ಲಿ ಠೇವಣಿ ಇಟ್ಟಿದ್ದೇನೆ. ಆಕೆಗೆ ಬೇರೆ ಆದಾಯವಿಲ್ಲ. ಬಡ್ಡಿಗೆ ತೆರಿಗೆ ಬರುವುದಿಲ್ಲ ತಾನೆ? — ಹುಬ್ಬಳ್ಳಿ

ಉತ್ತರ: ಬರುತ್ತದೆ, ಅದೂ ನಿಮ್ಮ ಲೆಕ್ಕದಲ್ಲಿ. ಗಂಡ ಹೆಂಡತಿಗೆ ಕೊಟ್ಟ ಹಣ ಉಡುಗೊರೆ, ಅದರ ಮೇಲೆ ಆಕೆಗೆ ತೆರಿಗೆಯಿಲ್ಲ. ಇಷ್ಟರವರೆಗೆ ಜನರು ತಿಳಿದದ್ದು ಸರಿ. ಆದರೆ ಆ ಹಣ ಹುಟ್ಟಿಸುವ ಆದಾಯವನ್ನು ಕೊಟ್ಟವರ ಆದಾಯಕ್ಕೇ ಸೇರಿಸಬೇಕೆಂದು 64ನೇ ಕಲಮು ಹೇಳುತ್ತದೆ. ಶೇ 7ರಂತೆ ವರ್ಷಕ್ಕೆ 70,000 ರೂಪಾಯಿ ಬಡ್ಡಿ ಬಂದರೆ ಅದು ನಿಮ್ಮ ರಿಟರ್ನಿನಲ್ಲಿ ಕಾಣಿಸಬೇಕು. ಠೇವಣಿಯ ಬದಲು ಆಕೆ ಆ ಹಣದಿಂದ ಮನೆ ಕೊಂಡು ಬಾಡಿಗೆಗೆ ಕೊಟ್ಟರೂ ಇದೇ ನಿಯಮ. ಆ 70,000 ರೂಪಾಯಿಯನ್ನು ಆಕೆ ಮತ್ತೆ ಹೂಡಿ ಗಳಿಸಿದ ಬಡ್ಡಿ ಮಾತ್ರ ಆಕೆಯದು, ಅದನ್ನು ನಿಮಗೆ ಸೇರಿಸುವಂತಿಲ್ಲ. ಆದ್ದರಿಂದ ಬಡ್ಡಿಯನ್ನು ಬೇರೆ ಖಾತೆಗೆ ಹಾಕಿಸಿ ಲೆಕ್ಕ ಪ್ರತ್ಯೇಕವಾಗಿ ಇಡುವುದು ಜಾಣತನ.

ಸೊಸೆಗೆ ಕೊಟ್ಟ ಹಣಕ್ಕೂ ಇದೇ ಕಟ್ಟುಪಾಡು. ಆದರೆ ವಯಸ್ಕ ಮಗನಿಗೋ ಮಗಳಿಗೋ, ತಂದೆ ತಾಯಿಗೋ ಕೊಟ್ಟರೆ ಆದಾಯ ಅವರದೇ ಆಗುತ್ತದೆ. ಅಪ್ರಾಪ್ತ ಮಕ್ಕಳ ಹೆಸರಿನ ಠೇವಣಿಯ ಬಡ್ಡಿ ತಂದೆ ತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರಿಗೆ ಸೇರುತ್ತದೆ; ಮಗು ತನ್ನ ಸ್ವಂತ ಪ್ರತಿಭೆಯಿಂದ, ಉದಾಹರಣೆಗೆ ಹಾಡಿಯೋ ನಟಿಸಿಯೋ ಗಳಿಸಿದ್ದು ಸೇರುವುದಿಲ್ಲ.

ಪ್ರಶ್ನೆ: ನಾನು ಕಾಲೇಜು ಅಧ್ಯಾಪಕ. ಕಡಿತಗಳೆಲ್ಲ ಹೋಗಿ 13 ಲಕ್ಷ ತೆರಿಗೆಗೊಳಪಡುವ ಆದಾಯ. ಊರಿನ ಅಡಿಕೆ ಮತ್ತು ಕಾಫಿ ತೋಟದಿಂದ ಖರ್ಚು ಕಳೆದು 3 ಲಕ್ಷ ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯೇ ಇಲ್ಲ ಎಂದ ಮೇಲೆ ಅದನ್ನು ತೋರಿಸುವ ಅಗತ್ಯವೇನು? — ಚಿಕ್ಕಮಗಳೂರು

ಉತ್ತರ: ತೋರಿಸಲೇಬೇಕು, ಮತ್ತು ತೋರಿಸಿದಾಗ ನಿಮ್ಮ ತೆರಿಗೆ ಹೆಚ್ಚಾಗುತ್ತದೆ. ಕೃಷಿ ಆದಾಯಕ್ಕೆ ನೇರವಾಗಿ ತೆರಿಗೆ ಇಲ್ಲ, ನಿಜ. ಆದರೆ ಕೃಷಿ ಆದಾಯ 5,000 ರೂಪಾಯಿ ಮೀರಿ, ಉಳಿದ ಆದಾಯವೂ ವಿನಾಯಿತಿಯ ಮಿತಿ ದಾಟಿದಾಗ, ಯಾವ ದರದಲ್ಲಿ ತೆರಿಗೆ ಹಾಕಬೇಕೆಂದು ನಿರ್ಧರಿಸುವುದಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಮೊದಲು ಎರಡನ್ನೂ ಕೂಡಿಸಿ 16 ಲಕ್ಷಕ್ಕೆ ತೆರಿಗೆ ಲೆಕ್ಕ ಹಾಕಬೇಕು, ಅದು 1,20,000 ರೂಪಾಯಿ. ಬಳಿಕ ಕೃಷಿ ಆದಾಯಕ್ಕೆ ವಿನಾಯಿತಿಯ ನಾಲ್ಕು ಲಕ್ಷ ಸೇರಿಸಿ ಏಳು ಲಕ್ಷಕ್ಕೆ ಲೆಕ್ಕ ಹಾಕಬೇಕು, ಅದು 15,000 ರೂಪಾಯಿ. ಇವೆರಡರ ವ್ಯತ್ಯಾಸ 1,05,000 ರೂಪಾಯಿ. ಆದರೆ ಈ ತೆರಿಗೆ, ಹನ್ನೆರಡು ಲಕ್ಷವನ್ನು ಮೀರಿದ ನಿಮ್ಮ ಒಂದು ಲಕ್ಷ ಆದಾಯಕ್ಕಿಂತ ಹೆಚ್ಚಾಗದಂತೆ 87ಎ ಕಲಮು ತಡೆಯುವುದರಿಂದ ನೀವು ಕಟ್ಟಬೇಕಾದದ್ದು 1,00,000 ರೂಪಾಯಿ ಮತ್ತು ಸೆಸ್. ತೋಟವೇ ಇಲ್ಲದಿದ್ದರೆ 75,000 ರೂಪಾಯಿ ಮತ್ತು ಸೆಸ್ ಸಾಕಾಗುತ್ತಿತ್ತು.

ಇನ್ನೊಂದು ಸೂಕ್ಷ್ಮ ಕಾಫಿಯದು. ಅಡಿಕೆಯನ್ನು ಒಣಗಿಸಿ ಸುಲಿದು ಮಾರುವಂತಹ, ಬೆಳೆಗಾರರು ಬೆಳೆಯನ್ನು ಮಾರುಕಟ್ಟೆಗೆ ಸಿದ್ಧಗೊಳಿಸಲು ಸಾಮಾನ್ಯವಾಗಿ ಮಾಡುವ ಕೆಲಸ ಕೃಷಿಯ ಭಾಗವೇ. ಆದರೆ ಬೆಳೆದ ಕಾಫಿಯನ್ನು ತಾವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಹದಗೊಳಿಸುವುದು) ಮಾಡಿ ಮಾರಿದರೆ ಆ ಆದಾಯದ ಶೇ 25ರಷ್ಟನ್ನು, ಹುರಿದು ಪುಡಿ ಮಾಡಿ ಮಾರಿದರೆ ಶೇ 40ರಷ್ಟನ್ನು ವ್ಯಾಪಾರದ ಆದಾಯವೆಂದು 7ಬಿ ನಿಯಮ ಪರಿಗಣಿಸುತ್ತದೆ. ಮನೆಯಲ್ಲೇ ಪುಡಿ ಮಾಡಿ, ಚೀಲಕ್ಕೆ ಹೆಸರು ಹಚ್ಚಿ ಮಾರುವವರು ಮಲೆನಾಡಿನಲ್ಲಿ ಈಗ ಸಾಕಷ್ಟಿದ್ದಾರೆ. ಅವರಲ್ಲಿ ಹಲವರಿಗೆ ಈ ನಿಯಮ ತಿಳಿದಂತೆ ಕಾಣುವುದಿಲ್ಲ. ಕೃಷಿ ಆದಾಯ 5,000 ರೂಪಾಯಿ ಮೀರಿದವರು ಐಟಿಆರ್–1 ಬಳಸುವಂತಿಲ್ಲ ಎಂಬುದನ್ನೂ ಗಮನಿಸಿ.

ಪ್ರಶ್ನೆ: ತಂದೆಗೆ 1988ರಲ್ಲಿ ಮಂಜೂರಾಗಿದ್ದ ನಿವೇಶನವನ್ನು ಅವರ ನಿಧನದ ನಂತರ ನಾವು ನಾಲ್ವರು ಮಕ್ಕಳು ಕಳೆದ ಡಿಸೆಂಬರ್‌ನಲ್ಲಿ 40 ಲಕ್ಷಕ್ಕೆ ಮಾರಿದೆವು. ತಲೆಗೆ ಹತ್ತು ಲಕ್ಷ ಬಂತು. ಹನ್ನೆರಡು ಲಕ್ಷದೊಳಗೇ ಇರುವುದರಿಂದ ತೆರಿಗೆ ಇಲ್ಲ ಎಂದು ಅಣ್ಣ ಹೇಳುತ್ತಾನೆ. — ದಾವಣಗೆರೆ

ಉತ್ತರ: ನಿಮ್ಮ ಅಣ್ಣನವರ ಮಾತು ಇಲ್ಲಿ ಅನ್ವಯಿಸುವುದಿಲ್ಲ. ನಿವೇಶನದ ಮಾರಾಟದಿಂದ ಬಂದದ್ದು ದೀರ್ಘಾವಧಿ ಬಂಡವಾಳ ಗಳಿಕೆ (ಬಹುಕಾಲ ಇಟ್ಟುಕೊಂಡ ಆಸ್ತಿ ಮಾರಿ ಬಂದ ಲಾಭ), ಅದಕ್ಕೆ ವಿಶೇಷ ದರದ ತೆರಿಗೆ. ಹೊಸ ಪದ್ಧತಿಯ ರಿಬೇಟ್ ವಿಶೇಷ ದರದ ಆದಾಯಕ್ಕೆ ದೊರೆಯುವುದಿಲ್ಲ. ಆದರೆ ಹತ್ತು ಲಕ್ಷಕ್ಕೆ ಪೂರ್ತಿ ತೆರಿಗೆಯೂ ಇಲ್ಲ, ಏಕೆಂದರೆ ತೆರಿಗೆ ಗಳಿಕೆಯ ಮೇಲೆಯೇ ಹೊರತು ಬಂದ ಹಣದ ಮೇಲಲ್ಲ.

ಪಿತ್ರಾರ್ಜಿತವಾಗಿ ಬಂದ ಆಸ್ತಿಗೆ ತಂದೆ ಕೊಟ್ಟ ಬೆಲೆಯೇ ನಿಮ್ಮ ಬೆಲೆ, ಅವರ ಒಡೆತನದ ಕಾಲವೂ ನಿಮ್ಮ ಲೆಕ್ಕಕ್ಕೆ ಸೇರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನ ಆಸ್ತಿಯಾದ್ದರಿಂದ ಮೂಲ ಬೆಲೆಯ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು, ಆದರೆ ಅದು ಆ ದಿನದ ಮುದ್ರಾಂಕ ಮೌಲ್ಯವನ್ನು, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ದರವನ್ನು, ಮೀರಬಾರದು. ಉಪನೋಂದಣಿ ಕಚೇರಿಯಿಂದ ಅಂದಿನ ಮಾರ್ಗಸೂಚಿ ದರವನ್ನು ಪಡೆದುಕೊಳ್ಳಿ. ಉದಾಹರಣೆಗೆ ಅದು ಆರು ಲಕ್ಷವೆಂದು ಇಟ್ಟುಕೊಂಡರೆ ನಿಮ್ಮ ಪಾಲು ಒಂದೂವರೆ ಲಕ್ಷ. ಇಲ್ಲಿ ನಿಮಗೆ ಎರಡು ದಾರಿಗಳಿವೆ, ಏಕೆಂದರೆ ಆಸ್ತಿ 2024ರ ಜುಲೈ 23ಕ್ಕಿಂತ ಹಿಂದಿನದು. ಹಣದುಬ್ಬರದ ಸೂಚ್ಯಂಕವನ್ನು ಬಿಟ್ಟು ಲೆಕ್ಕ ಹಾಕಿದರೆ ಗಳಿಕೆ ಎಂಟೂವರೆ ಲಕ್ಷ, ಶೇ 12.5ರಂತೆ 1,06,250 ರೂಪಾಯಿ ತೆರಿಗೆ. ಸೂಚ್ಯಂಕ ಬಳಸಿದರೆ 2001–02ರ 100 ಈ ವರ್ಷ 376 ಆಗಿರುವುದರಿಂದ ಒಂದೂವರೆ ಲಕ್ಷದ ಬೆಲೆ 5.64 ಲಕ್ಷವಾಗುತ್ತದೆ, ಗಳಿಕೆ 4.36 ಲಕ್ಷಕ್ಕೆ ಇಳಿಯುತ್ತದೆ, ಶೇ 20ರಂತೆ ತೆರಿಗೆ 87,200 ರೂಪಾಯಿ. ನಿಮಗೆ ಎರಡನೆಯದೇ ಅನುಕೂಲ. 2001ರ ಬೆಲೆ ತೀರಾ ಕಡಿಮೆಯಿದ್ದರೆ ಲೆಕ್ಕ ತಿರುಗುಮುರುಗಾಗಬಹುದು, ಆದ್ದರಿಂದ ಎರಡನ್ನೂ ಹಾಕಿ ನೋಡಲೇಬೇಕು.

ನಾಲ್ವರೂ ಬೇರೆ ಬೇರೆಯಾಗಿ ರಿಟರ್ನ್ ಸಲ್ಲಿಸಬೇಕು. ನಿಮ್ಮಲ್ಲಿ ಯಾರಿಗಾದರೂ ಬೇರೆ ಆದಾಯವೇ ಇಲ್ಲದಿದ್ದರೆ ವಿನಾಯಿತಿ ಮಿತಿಯ ಬಳಕೆಯಾಗದ ಭಾಗವನ್ನು ಈ ಗಳಿಕೆಯಿಂದ ಕಳೆಯಬಹುದು. ತೆರಿಗೆ ಉಳಿಸುವ ದಾರಿಯೂ ಇದೆ: ಮಾರಾಟದಿಂದ ಬಂದ ಮೊತ್ತವನ್ನು ಎರಡು ವರ್ಷದೊಳಗೆ ಮನೆ ಕೊಳ್ಳಲು ಅಥವಾ ಮೂರು ವರ್ಷದೊಳಗೆ ಕಟ್ಟಲು ಬಳಸಿದರೆ 54ಎಫ್ ಕಲಮಿನ ಅಡಿ ವಿನಾಯಿತಿ ದೊರೆಯುತ್ತದೆ, ಆದರೆ ಮಾರಾಟದ ದಿನ ಒಂದಕ್ಕಿಂತ ಹೆಚ್ಚು ವಾಸದ ಮನೆ ಇದ್ದವರಿಗೆ ಇಲ್ಲ. ರಿಟರ್ನಿನ ಗಡುವಿನೊಳಗೆ ಬಳಸಲಾಗದ ಹಣವನ್ನು ಬ್ಯಾಂಕಿನ ಬಂಡವಾಳ ಗಳಿಕೆ ಖಾತೆಯಲ್ಲಿ ಇಡಬೇಕು. ಆರು ತಿಂಗಳೊಳಗೆ 54ಇಸಿ ಕಲಮಿನ ಬಾಂಡ್ (ಸರ್ಕಾರಿ ಸಂಸ್ಥೆಗಳ ಸಾಲಪತ್ರ) ಕೊಳ್ಳುವುದು ಇನ್ನೊಂದು ದಾರಿ, ಐದು ವರ್ಷ ಹಣ ತೆಗೆಯುವಂತಿಲ್ಲ. ಡಿಸೆಂಬರ್ ಮಾರಾಟಕ್ಕೆ ಆ ಆರು ತಿಂಗಳು ಜೂನ್‌ಗೆ ಮುಗಿಯುತ್ತದೆ.

ಕ್ರಯಪತ್ರದಲ್ಲಿ ಕಡಿಮೆ ಬರೆಸಿ ಉಳಿದದ್ದನ್ನು ನಗದಾಗಿ ಪಡೆಯುವ ಚಾಳಿಯ ಬಗ್ಗೆ ಒಂದು ಮಾತು. ಮಾರ್ಗಸೂಚಿ ದರ ಕ್ರಯದ ಮೊತ್ತಕ್ಕಿಂತ ಶೇ 10ಕ್ಕೂ ಹೆಚ್ಚಿದ್ದರೆ ಮಾರ್ಗಸೂಚಿ ದರವನ್ನೇ ಮಾರಾಟ ಬೆಲೆಯೆಂದು ಹಿಡಿಯಲಾಗುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆದವರಿಗೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು.

ಪ್ರಶ್ನೆ: ನನ್ನ ಪತಿ ಕಳೆದ ನವೆಂಬರ್‌ನಲ್ಲಿ ತೀರಿಕೊಂಡರು. ಅವರು ಖಾಸಗಿ ನೌಕರಿಯಲ್ಲಿದ್ದರು. ಅವರ ರಿಟರ್ನ್ ಸಲ್ಲಿಸಬೇಕೇ? ನನಗೆ ಬಂದ ವಿಮಾ ಹಣ ಮತ್ತು ತಿಂಗಳ ಪಿಂಚಣಿಗೆ ತೆರಿಗೆ ಇದೆಯೇ? — ಮೈಸೂರು

ಉತ್ತರ: ಏಪ್ರಿಲ್‌ನಿಂದ ಅವರು ತೀರಿಕೊಂಡ ದಿನದವರೆಗಿನ ಆದಾಯ ಅವರದು. ಅದು ವಿನಾಯಿತಿ ಮಿತಿ ದಾಟಿದ್ದರೆ, ಅಥವಾ ಕಡಿತವಾದ ತೆರಿಗೆ ಮರಳಿ ಬರಬೇಕಿದ್ದರೆ, ಅವರ ಪರವಾಗಿ ನೀವು ರಿಟರ್ನ್ ಸಲ್ಲಿಸಬೇಕು. ಅದಕ್ಕೆ ಮೊದಲು ಇಲಾಖೆಯ ಜಾಲತಾಣದಲ್ಲಿ ನಿಮ್ಮ ಖಾತೆಯಿಂದಲೇ ‘ಕಾನೂನುಬದ್ಧ ವಾರಸುದಾರರು’ ಎಂದು ನೋಂದಾಯಿಸಿಕೊಳ್ಳಬೇಕು. ಮರಣ ಪ್ರಮಾಣಪತ್ರ, ಇಬ್ಬರ ಪ್ಯಾನ್ ಹಾಗೂ ನಾಡಕಚೇರಿಯಲ್ಲಿ ಸಿಗುವ ಬದುಕುಳಿದ ಕುಟುಂಬ ಸದಸ್ಯರ ಪ್ರಮಾಣಪತ್ರ ಬೇಕಾಗುತ್ತವೆ. ಅನುಮೋದನೆಗೆ ಸಮಯ ಹಿಡಿಯುವುದರಿಂದ ಜುಲೈ ಕೊನೆಯವರೆಗೆ ಕಾಯಬೇಡಿ. ಅವರ ಪ್ಯಾನ್ ಕಾರ್ಡನ್ನು ಈ ಕೆಲಸ ಮುಗಿಯುವ ಮುನ್ನ ಮರಳಿಸಬೇಡಿ. ಅವರದೇನಾದರೂ ತೆರಿಗೆ ಬಾಕಿ ಇದ್ದರೆ ಅವರಿಂದ ನಿಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ನಿಮ್ಮ ಹೊಣೆ.

ಮರಣದ ಕಾರಣದಿಂದ ಬಂದ ಜೀವ ವಿಮೆಯ ಹಣಕ್ಕೆ ತೆರಿಗೆ ಇಲ್ಲ. ಅದನ್ನು ಠೇವಣಿ ಇಟ್ಟರೆ ಬರುವ ಬಡ್ಡಿ ಮಾತ್ರ ನಿಮ್ಮ ಆದಾಯ. ಕುಟುಂಬ ಪಿಂಚಣಿ ಸಂಬಳವಲ್ಲ, ಇತರ ಮೂಲದ ಆದಾಯ. ಆದ್ದರಿಂದ ಅದಕ್ಕೆ 75,000 ರೂಪಾಯಿಯ ಕಡಿತ ಸಿಗುವುದಿಲ್ಲ. ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಇವುಗಳಲ್ಲಿ ಕಡಿಮೆಯದನ್ನು ಹೊಸ ಪದ್ಧತಿಯಲ್ಲಿ ಕಳೆಯಬಹುದು. ಅವರ ಹೆಸರಿನ ಠೇವಣಿಗಳನ್ನು ಬೇಗ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಇಲ್ಲವಾದರೆ ನಿಧನಾನಂತರದ ಬಡ್ಡಿಯೂ ಅವರ ಪ್ಯಾನ್‌ಗೇ ದಾಖಲಾಗಿ ಮುಂದೆ ಪತ್ರವ್ಯವಹಾರಕ್ಕೆ ದಾರಿಯಾಗುತ್ತದೆ.

ಪ್ರಶ್ನೆ: ಮನೆಯಲ್ಲೇ ಹಪ್ಪಳ ಮಾಡಿ ಮಾರುತ್ತೇನೆ. ವರ್ಷಕ್ಕೆ ಸುಮಾರು ಆರು ಲಕ್ಷ ರೂಪಾಯಿ ಯುಪಿಐ ಮೂಲಕ ಖಾತೆಗೆ ಬರುತ್ತದೆ. ನೋಟಿಸ್ ಬರಬಹುದೆಂದು ಹೆದರಿಕೆ. — ಶಿರಸಿ

ಉತ್ತರ: 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಬಂದ ನೋಟಿಸುಗಳು ವಾಣಿಜ್ಯ ತೆರಿಗೆ ಇಲಾಖೆಯವು, ಅವು ಜಿಎಸ್‌ಟಿಗೆ ಸಂಬಂಧಿಸಿದವು. ಸರಕು ಮಾರುವವರಿಗೆ ಅಲ್ಲಿನ ಮಿತಿ 40 ಲಕ್ಷ, ಮೇಲಾಗಿ ಹಪ್ಪಳಕ್ಕೆ ಜಿಎಸ್‌ಟಿಯೇ ಇಲ್ಲ. ಆದಾಯ ತೆರಿಗೆಯಲ್ಲಿ ನೋಡುವುದು ಖಾತೆಗೆ ಬಂದ ಹಣವನ್ನಲ್ಲ, ಲಾಭವನ್ನು. ನಿಮ್ಮ ವಹಿವಾಟೇ ಆರು ಲಕ್ಷವಾಗಿರುವಾಗ ಉದ್ದು, ಎಣ್ಣೆ, ಕೂಲಿ ಕಳೆದ ಲಾಭ ನಾಲ್ಕು ಲಕ್ಷದೊಳಗಿದ್ದು ಬೇರೆ ಆದಾಯವೂ ಇಲ್ಲದಿದ್ದರೆ ರಿಟರ್ನ್ ಕಡ್ಡಾಯವಲ್ಲ. ಆದರೂ ಸಾಲ ಬೇಕಾದಾಗ ನೆರವಾಗುವುದರಿಂದ ಐಟಿಆರ್–4 ಸಲ್ಲಿಸುವುದನ್ನು ನಾನು ಸೂಚಿಸುತ್ತೇನೆ. ಅದರಲ್ಲಿ ಡಿಜಿಟಲ್ ಮೂಲಕ ಬಂದ ವಹಿವಾಟಿಗೆ ಕನಿಷ್ಠ ಶೇ 6, ನಗದಿಗೆ ಶೇ 8 ಲಾಭ ತೋರಿಸಬೇಕು, ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚಿನದನ್ನು. ವ್ಯಾಪಾರಕ್ಕೆಂದೇ ಬೇರೆ ಖಾತೆ ಇಟ್ಟುಕೊಂಡರೆ ತಂಗಿ ಕಳಿಸಿದ ಹಣವೂ ಗಿರಾಕಿ ಕೊಟ್ಟ ಹಣವೂ ಕಲೆಯುವುದಿಲ್ಲ.

ಪ್ರಶ್ನೆ: ಮಗಳ ಮದುವೆಯಲ್ಲಿ ಬಂದ ಮುಯ್ಯಿ ಹಣ ಮತ್ತು ಚಿನ್ನಕ್ಕೆ ತೆರಿಗೆ ಇದೆಯೇ? — ಕಲಬುರಗಿ

ಉತ್ತರ: ಮದುವೆಯ ಸಂದರ್ಭದಲ್ಲಿ ವಧು ಅಥವಾ ವರನಿಗೆ ಯಾರೇ ಕೊಟ್ಟ ಉಡುಗೊರೆಗೂ ತೆರಿಗೆ ಇಲ್ಲ, ಮೊತ್ತದ ಮಿತಿಯೂ ಇಲ್ಲ. ಆದರೆ ಇದು ಮದುವೆಯಾಗುವವರಿಗೆ ಮಾತ್ರ. ಸ್ನೇಹಿತರು ನಿಮ್ಮ ಕೈಗೆ ನಿಮಗೆಂದೇ ಕೊಟ್ಟದ್ದು ವರ್ಷದಲ್ಲಿ ಒಟ್ಟು 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತ ನಿಮ್ಮ ಆದಾಯ. ಮುಯ್ಯಿ ಬರೆದ ಪುಸ್ತಕವನ್ನು ಎಸೆಯಬೇಡಿ. ವರ್ಷದಲ್ಲಿ ಉಳಿತಾಯ ಖಾತೆಗೆ ಹತ್ತು ಲಕ್ಷ ಅಥವಾ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ಇಲಾಖೆಗೆ ವರದಿ ಮಾಡುತ್ತದೆ, ಆಗ ಆ ಪುಸ್ತಕವೇ ಪುರಾವೆ. ವಿವಾಹಿತೆಯ ಬಳಿ 500 ಗ್ರಾಂ, ಅವಿವಾಹಿತೆಯ ಬಳಿ 250 ಗ್ರಾಂ, ಪುರುಷರ ಬಳಿ 100 ಗ್ರಾಂ ಎಂದು ಕೇಳಿಬರುವ ಲೆಕ್ಕ 1994ರ ಸೂಚನೆಯೊಂದರದು. ಶೋಧದ ವೇಳೆ ಅಷ್ಟು ಆಭರಣವನ್ನು ಜಪ್ತಿ ಮಾಡಬಾರದೆಂಬುದು ಅದರ ತಾತ್ಪರ್ಯ, ಚಿನ್ನ ಇಟ್ಟುಕೊಳ್ಳಲು ಅದು ಮಿತಿಯಲ್ಲ.

ಪ್ರಶ್ನೆ: ಕಳೆದ ವರ್ಷ ಸಲ್ಲಿಸಿದ ರಿಟರ್ನಿನ ರಿಫಂಡ್ ಇನ್ನೂ ಬಂದಿಲ್ಲ. — ಮಂಡ್ಯ

ಉತ್ತರ: ಮೊದಲು ಇ–ಪರಿಶೀಲನೆ ಆಗಿದೆಯೇ ನೋಡಿ. ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಒಟಿಪಿ ಮುಂತಾದ ಮಾರ್ಗದಿಂದ ಪರಿಶೀಲಿಸದ ರಿಟರ್ನ್ ಕಾನೂನಿನ ಕಣ್ಣಿಗೆ ಸಲ್ಲಿಸಿದಂತೆಯೇ ಅಲ್ಲ. ಆಗಿಲ್ಲವೆಂದಾದರೆ ಜಾಲತಾಣದಲ್ಲಿಯೇ ವಿಳಂಬ ಮನ್ನಾ ಕೋರಿ ಅರ್ಜಿ ಹಾಕಬಹುದು. ಆಗಿದ್ದರೆ, ನಿಮ್ಮ ಬ್ಯಾಂಕ್ ಖಾತೆ ಅಲ್ಲಿ ಪೂರ್ವ ದೃಢೀಕರಣಗೊಂಡಿದೆಯೇ, ಖಾತೆಯಲ್ಲಿನ ಹೆಸರು ಪ್ಯಾನ್‌ನಲ್ಲಿರುವಂತೆಯೇ ಇದೆಯೇ ಎಂದು ನೋಡಿ, ಬಳಿಕ ‘ರಿಫಂಡ್ ಮರುಬಿಡುಗಡೆ’ ಕೋರಿಕೆ ಸಲ್ಲಿಸಿ. ಇಲಾಖೆಯ ಹೆಸರಿನಲ್ಲಿ ರಿಫಂಡ್ ಕೊಡುತ್ತೇವೆಂದು ಮೊಬೈಲಿಗೆ ಬರುವ ಲಿಂಕುಗಳನ್ನು ಒತ್ತಬೇಡಿ.